ಕೆಲಸ ಹೋದ ಮೇಲೆ ಆರೋಗ್ಯ ವಿಮೆ: ನಮ್ಮ 53 ದಿನದ ಓಡಾಟ

2025ರ ನವೆಂಬರ್ 14, ಶುಕ್ರವಾರ. ಮಧ್ಯಾಹ್ನ ಊಟ ಮುಗಿಸಿ ಸೀಟಿಗೆ ಬರುವಷ್ಟರಲ್ಲಿ ಎಲ್ಲರನ್ನೂ ಕ್ಯಾಂಟೀನಿಗೆ ಕರೆದರು. ಯೂನಿಟ್ ಮುಚ್ಚುತ್ತಿದ್ದೇವೆ, 28 ಕೊನೆ ದಿನ ಅಂದರು. ತುಮಕೂರಿನ ಹತ್ತಿರ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. ಸಂಬಳ ನಿಲ್ಲುತ್ತದೆ ಅನ್ನೋ ಭಯ ಮನೆಗೆ ಬರುವ ಬಸ್ಸಿನಲ್ಲಿ ಬಂತು. ಆದರೆ ರಾತ್ರಿ ನಿದ್ದೆ ಕೆಡಿಸಿದ್ದು ಅದಲ್ಲ. ಅತ್ತೆಯ ಮೊಣಕಾಲು.

ನಮ್ಮ ಮನೆಯವರದ್ದು ಅಂತರಸನಹಳ್ಳಿ ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿ. ಸ್ವಂತ ದುಡಿಮೆ, ಹಾಗಾಗಿ ಆರೋಗ್ಯ ವಿಮೆ ಅಂತ ನಮಗಿದ್ದದ್ದು ನನ್ನ ಕಂಪನಿಯ ಗ್ರೂಪ್ ಪಾಲಿಸಿ ಒಂದೇ. ನಾನು, ಇವರು, ಏಳು ವರ್ಷದ ಮಗಳು, 63 ವರ್ಷದ ಅತ್ತೆ, ನಾಲ್ಕೂ ಜನಕ್ಕೆ ಸೇರಿ ಮೂರು ಲಕ್ಷ. ಅತ್ತೆಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕಳೆದ ವರ್ಷದಿಂದ ಎಡ ಮೊಣಕಾಲು ಹಿಡಿದುಕೊಂಡಿದೆ. ಅಕ್ಟೋಬರಿನಲ್ಲಷ್ಟೇ ಡಾಕ್ಟರು ಎಕ್ಸ್‌ರೇ ನೋಡಿ, ಒಂದು ವರ್ಷದೊಳಗೆ ಕೀಲು ಬದಲಿಸಬೇಕಾಗುತ್ತೆ, ಸುಮಾರು ಎರಡೂಕಾಲು ಲಕ್ಷ ಇಟ್ಟುಕೊಳ್ಳಿ ಅಂದಿದ್ದರು. ಆಗ ನಾವು ಧೈರ್ಯವಾಗಿಯೇ ಇದ್ದೆವು. ವಿಮೆ ಇದೆಯಲ್ಲ ಅಂತ.

"ರೀ, ಇನ್ಶೂರೆನ್ಸ್ ಏನಾಗುತ್ತೆ?" ಅಂತ ಕೇಳಿದೆ.

"ಮೊದಲು ಬೇರೆ ಕೆಲಸ ನೋಡ್ಕೋ. ಅದೇನು ಓಡಿ ಹೋಗುತ್ತಾ?"

ಓಡಿ ಹೋಗುತ್ತೆ. ಸೋಮವಾರ ಎಚ್‌ಆರ್ ಹತ್ತಿರ ವಿಚಾರಿಸಿದಾಗ ಗೊತ್ತಾಯಿತು, 28ರ ರಾತ್ರಿ 12 ಗಂಟೆಗೆ ನಮ್ಮೆಲ್ಲರ ಹೆಸರೂ ಪಾಲಿಸಿಯಿಂದ ಹೋಗುತ್ತದೆ. ಮುಂದೇನು ಅಂತ ಕೇಳಿದ್ದಕ್ಕೆ "ಹೊರಗಡೆ ಹೊಸದು ತಗೊಳ್ಳಿ ಮೇಡಂ" ಅಂದರು. ಆ ಹುಡುಗನದ್ದೂ ಕೆಲಸ ಹೋಗುತ್ತಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ನಂಬಿ ಸುಮ್ಮನೆ ಕೂತಿದ್ದರೆ ನಾವು ದೊಡ್ಡ ನಷ್ಟ ಅನುಭವಿಸುತ್ತಿದ್ದೆವು.

ಯಾಕೆ ಅಂತ ಹೇಳುತ್ತೇನೆ. ಹೊಸ ಪಾಲಿಸಿ ತಗೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಕೊಡುವುದಿಲ್ಲ. ಮೊಣಕಾಲು ಕೀಲು ಬದಲಾವಣೆ, ಕಣ್ಣಿನ ಪೊರೆ, ಹರ್ನಿಯಾ ಇಂಥ ಕೆಲವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಇದು ನಾಲ್ಕು ವರ್ಷವಿತ್ತು, ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಮೂರಕ್ಕೆ ಇಳಿಸಿತು. ಹೊಸದಾಗಿ ಶುರು ಮಾಡಿದರೆ ಅತ್ತೆಯ ಮೊಣಕಾಲು ಕನಿಷ್ಠ ಎರಡು ವರ್ಷ ಕಾಯಬೇಕಿತ್ತು. ಡಾಕ್ಟರು ಕೊಟ್ಟಿದ್ದ ಗಡುವು ಒಂದೇ ವರ್ಷ.

ಆದರೆ ಗ್ರೂಪ್ ಪಾಲಿಸಿಯಲ್ಲಿ ಇದ್ದವರು ಹೊರಗೆ ಬರುವಾಗ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಬಹುದು. ಇದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಹಾಗೆ ಬದಲಾದರೆ ಹಳೆಯದರಲ್ಲಿ ಕಳೆದ ಕಾಲ ಹೊಸದಕ್ಕೆ ಜಮಾ ಆಗುತ್ತದೆ. ಅತ್ತೆಯ ಹೆಸರು ಸೇರಿಸಿದ್ದು 2023ರ ಏಪ್ರಿಲ್‌ನಲ್ಲಿ. ಅಂದರೆ ಎರಡು ವರ್ಷ ಎಂಟು ತಿಂಗಳು ನಮ್ಮ ಲೆಕ್ಕದಲ್ಲಿತ್ತು. ಇದನ್ನು ನನಗೆ ಹೇಳಿದ್ದು ನಮ್ಮ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ನೌಕರರೊಬ್ಬರು. ವಿಮೆಯ ಇ-ಕಾರ್ಡ್ ಹಿಂದೆ ಇದ್ದ ಸಹಾಯವಾಣಿಗೆ ಬುಧವಾರ ಫೋನ್ ಮಾಡಿದೆ. ಮೂರು ಜನರ ಕೈ ದಾಟಿ ನಾಲ್ಕನೆಯವರು ಹೌದು ಅಂದರು. ಕೆಲಸದಲ್ಲಿ ಇರುವಾಗಲೇ ಅರ್ಜಿ ಕೊಡಿ, ಬಿಟ್ಟಮೇಲೆ ಕಷ್ಟ ಅಂದರು.

ನೀವು ನೋಟಿಸ್ ಅವಧಿಯಲ್ಲಿದ್ದರೆ ಓದುವುದು ಇಲ್ಲಿಗೆ ನಿಲ್ಲಿಸಿ ಮೊದಲು ಆ ಫೋನ್ ಮಾಡಿ ಬನ್ನಿ. ಆಫೀಸಿನ ಮೇಲ್ ಬಂದ್ ಆಗುವುದಕ್ಕೆ ಮುಂಚೆ ಗ್ರೂಪ್ ಪಾಲಿಸಿ ನಂಬರ್, ಮನೆಯ ಪ್ರತಿಯೊಬ್ಬರ ಇ-ಕಾರ್ಡ್, ಯಾವ ದಿನಾಂಕದಿಂದ ಯಾರು ಸೇರಿದ್ದರು ಅನ್ನೋದಕ್ಕೆ ಎಚ್‌ಆರ್ ಪತ್ರ, ಇಷ್ಟನ್ನೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಕಂಪನಿ ಲೆಟರ್‌ಹೆಡ್‌ನಲ್ಲಿ ಸೀಲ್ ಹಾಕಿಸಿಕೊಂಡ ಆ ಒಂದು ಹಾಳೆಯೇ ಕೊನೆಗೆ ನಮ್ಮನ್ನು ಉಳಿಸಿದ್ದು.

ಈ ನಡುವೆ ಸರ್ಕಾರಿ ದಾರಿಗಳನ್ನೂ ನೋಡಿದೆ. ಜಿಲ್ಲಾಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿದ್ದ ಹೆಣ್ಣುಮಗಳು ಬೇಜಾರಿಲ್ಲದೆ ಎಲ್ಲ ಬಿಡಿಸಿ ಹೇಳಿದಳು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ನಮ್ಮ ಹಾಗೆ ಎಪಿಎಲ್ ಆದರೆ ಯೋಜನೆಯ ದರದಲ್ಲಿ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ರೆಫರಲ್ ಬರೆಸಿಕೊಳ್ಳಬೇಕು. ಬಿಪಿಎಲ್ ಕಾರ್ಡ್ ಇರುವವರು ದುಡ್ಡು ಖರ್ಚು ಮಾಡುವ ಮುಂಚೆ ಈ ಕೌಂಟರಿಗೆ ಖಂಡಿತ ಹೋಗಿ. ಯಶಸ್ವಿನಿ ಆರೋಗ್ಯ ಯೋಜನೆ ಇರುವುದು ಸಹಕಾರ ಸಂಘದ ಸದಸ್ಯರಿಗೆ. ನಾವು ಯಾವ ಸಂಘದಲ್ಲೂ ಇಲ್ಲ. ಡೇರಿಗೆ ಹಾಲು ಹಾಕುವ ಮನೆಯವರಾದರೆ ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿ. ಅದರ ನೋಂದಣಿ ವರ್ಷಪೂರ್ತಿ ತೆರೆದಿರುವುದಿಲ್ಲ, ಅದೊಂದು ನೆನಪಿಡಿ. ಇನ್ನು ನಮ್ಮ ಪ್ರೊಡಕ್ಷನ್ ಕಡೆಯ ಹುಡುಗರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇತ್ತು. ಸಂಬಳ 21,000ದ ಒಳಗಿದ್ದವರಿಗೆ ಅದು. ಅವರು ಕಟ್ಟಿದ ಆರು ತಿಂಗಳಿಗೆ ತಕ್ಕ ಹಾಗೆ ಮುಂದೆ ಬೇರೆ ಆರು ತಿಂಗಳ ಸೌಲಭ್ಯದ ಅವಧಿ ಬರುತ್ತದೆ. ಕೆಲಸ ಹೋಯಿತು ಅಂತ ಕಾರ್ಡ್ ಮೂಲೆಗೆ ಹಾಕದೆ ಡಿಸ್ಪೆನ್ಸರಿಯಲ್ಲಿ ವಿಚಾರಿಸಿ.

ನಮಗೆ ಉಳಿದದ್ದು ಮೈಗ್ರೇಷನ್ನೇ. ನವೆಂಬರ್ 20ರ ಸಂಜೆ ಏಜೆಂಟ್ ಒಬ್ಬರು ಬಟವಾಡಿಯ ನಮ್ಮ ಮನೆಗೆ ಬಂದರು. ವಿಮಾ ಕಂಪನಿಯವರೇ ಕಳಿಸಿದ್ದರು. ಅವರಿಂದ ಒಂದು ಒಳ್ಳೆಯ ಮಾತೂ ಕಲಿತೆ. ನಾಲ್ಕೂ ಜನರನ್ನು ಒಂದೇ ಮೊತ್ತವನ್ನು ಎಲ್ಲರೂ ಹಂಚಿಕೊಳ್ಳುವ ಫ್ಲೋಟರ್ ಪಾಲಿಸಿಗೆ ಹಾಕಿದರೆ ಎಲ್ಲರಿಗಿಂತ ದೊಡ್ಡವರ ವಯಸ್ಸಿನ ಮೇಲೆ ಪ್ರೀಮಿಯಂ ಲೆಕ್ಕ ಹಾಕುತ್ತಾರೆ. ಅದಕ್ಕೆ ನಮ್ಮ ಮೂವರಿಗೆ ಒಂದು, ಅತ್ತೆಗೆ ಬೇರೆ ಒಂದು ಮಾಡಿದೆವು. ಐದೈದು ಲಕ್ಷದ್ದು. ಮೂವರಿಗೆ ವರ್ಷಕ್ಕೆ 18,400 ರೂಪಾಯಿ. ಅತ್ತೆಗೆ 29,700. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಮುಂಚೆ ಶೇ. 18 ಇತ್ತು. ಹಾಗಿದ್ದೂ ಆ ಮೊತ್ತ ಕೇಳಿ ನಮ್ಮ ಮನೆಯವರು ಸುಮ್ಮನಾದರು. ಸಂಬಳ ನಿಲ್ಲುವ ತಿಂಗಳಲ್ಲಿ 48,000 ಅಂದರೆ ಯಾರಿಗೂ ಎದೆ ಧಸಕ್ ಅನ್ನುತ್ತದೆ, ಅಲ್ವಾ?

ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. "ನಂದು ಬಿಡವ್ವ. ಮಗೂದು, ನಿಮ್ದು ಮಾಡ್ಸಿ. ನಾನೇನು, ಎಣ್ಣೆ ಹಚ್ಕೊಂಡು ಕಾಲ ಕಳೀತೀನಿ" ಅಂದರು. ನನಗೆ ತಡೆಯಲಾಗಲಿಲ್ಲ, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಮಗಳ ಹೆಸರಲ್ಲಿದ್ದ ಆರ್‌ಡಿ ಮುರಿಯೋಣ ಅಂತ ಅವತ್ತೇ ತೀರ್ಮಾನ ಮಾಡಿದೆವು. ಕಂತಿನಲ್ಲೂ ಕಟ್ಟಬಹುದು ಅಂದರು. ನಾವು ಬೇಡ ಅಂದೆವು. ಕೆಲಸವಿಲ್ಲದ ತಿಂಗಳಲ್ಲಿ ಒಂದು ಕಂತು ತಪ್ಪಿದರೆ ಮತ್ತೆ ಗೊಂದಲ.

ಬೇರೆ ಕಂಪನಿಯೊಂದರಲ್ಲಿ ಅತ್ತೆಯ ಪಾಲಿಸಿ 6,000 ಕಡಿಮೆಗೆ ಸಿಗುತ್ತಿತ್ತು. ಆದರೆ ಅಲ್ಲಿ ಸೊನ್ನೆಯಿಂದ ಶುರು. ನಮಗೆ ಹೇಳಿದ ದಾರಿ ಹೀಗಿತ್ತು: ಮೊದಲು ಅದೇ ಕಂಪನಿಗೆ ಬದಲಾಗಿ, ಒಂದು ವರ್ಷ ಆಗಲಿ, ಆಮೇಲೆ ರಿನೀವಲ್‌ಗೆ ಕನಿಷ್ಠ 45 ದಿನ ಮುಂಚೆ ಅರ್ಜಿ ಹಾಕಿ ಬೇರೆ ಕಂಪನಿಗೆ ಪೋರ್ಟ್ ಮಾಡಿಕೊಳ್ಳಿ. ಐಆರ್‌ಡಿಎಐ ಹೇಳಿ ಎಲ್ಲ ಕಂಪನಿಗಳಲ್ಲೂ ತಂದಿರುವ ಆರೋಗ್ಯ ಸಂಜೀವಿನಿ ಪಾಲಿಸಿಯನ್ನೂ ನೋಡಿದೆವು. ಪ್ರೀಮಿಯಂ ಕಡಿಮೆ. ಆದರೆ ಪ್ರತಿ ಕ್ಲೇಮಿನಲ್ಲೂ ಶೇ. 5 ನಾವೇ ಹಾಕಬೇಕು, ರೂಮ್ ಬಾಡಿಗೆ ವಿಮಾ ಮೊತ್ತದ ಶೇ. 2ರಷ್ಟು, ಅದೂ ದಿನಕ್ಕೆ 5,000 ದಾಟುವ ಹಾಗಿಲ್ಲ.

ರೂಮ್ ಬಾಡಿಗೆ ಮಿತಿಯನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಮಿತಿ 3,000 ಇದ್ದು ನೀವು 6,000ದ ರೂಮಿಗೆ ಹೋದರೆ ಹೆಚ್ಚಿನ 3,000 ಕಟ್ಟಿ ಮುಗಿಯುವುದಿಲ್ಲ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಖರ್ಚು ಎಲ್ಲದರಲ್ಲೂ ಅರ್ಧ ಮುರಿಯುತ್ತಾರೆ. ಔಷಧಿ, ಒಳಗೆ ಹಾಕುವ ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗೆ ಮಾತ್ರ ಈ ಕತ್ತರಿ ಇಲ್ಲ. ಅದಕ್ಕೇ ನಾವು ಬಾಡಿಗೆ ಮಿತಿ ಇಲ್ಲದ್ದನ್ನೇ ಆರಿಸಿದೆವು.

ಏಜೆಂಟ್ ತಮ್ಮ ಟ್ಯಾಬ್‌ನಲ್ಲೇ ಫಾರಂ ತುಂಬಿದರು. ನನಗೆ ಕೆಲಸ ಇರುವುದಿಲ್ಲವಲ್ಲ, ಅಂಗಡಿಯ ಆದಾಯ ತೋರಿಸಿ ನಮ್ಮ ಮನೆಯವರನ್ನೇ ಪ್ರಪೋಸರ್, ಅಂದರೆ ಪಾಲಿಸಿಗೆ ಅರ್ಜಿ ಹಾಕುವವರು ಮಾಡೋಣ ಅಂದರು. ಸರಿ ಅನ್ನಿಸಿತು. ಅತ್ತೆಯ ಸಕ್ಕರೆ, ಮೊಣಕಾಲು, ನುಂಗುವ ಮಾತ್ರೆ ಎಲ್ಲ ಹೇಳಿದೆ. "ಓಕೆ ಮೇಡಂ, ಓಕೆ" ಅಂತ ಒತ್ತುತ್ತಾ ಹೋದರು. ಒಪ್ಪಿಗೆಯ ಲಿಂಕ್ ಬರುತ್ತೆ, ಓಟಿಪಿ ಹೇಳಿಬಿಡಿ ಅಂದರು. ಅಷ್ಟರಲ್ಲಿ ಕರೆಂಟ್ ಹೋಯಿತು, ವೈಫೈ ನಿಂತಿತು. ರಾತ್ರಿ ನೋಡಿ ಹೇಳುತ್ತೇನೆ ಅಂದೆ.

ರಾತ್ರಿ ಹತ್ತರ ಮೇಲೆ ಮೊಬೈಲ್‌ನಲ್ಲಿ ಆ ಲಿಂಕ್ ತೆರೆದೆ. ಹನ್ನೊಂದು ಪುಟ. ಏಳನೇ ಪುಟದಲ್ಲಿ ಅತ್ತೆಯ ಹೆಸರಿನ ಕೆಳಗೆ ಪ್ರಶ್ನೆಗಳ ಸಾಲು. ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ಕೀಲುನೋವು ಇದೆಯೇ, ಈಗ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದಾರೆಯೇ. ಬಲಗಡೆ ಎಲ್ಲದರ ಮುಂದೆ 'ಇಲ್ಲ' ಅನ್ನುವ ಚೌಕಕ್ಕೆ ಹಸಿರು ಗುರುತು. ಮೇಲಿಂದ ಕೆಳಗೆ ಒಂದೂ ಬಿಡದೆ. ಕೊನೆಯಲ್ಲಿ 'ಮೇಲಿನದೆಲ್ಲ ಸತ್ಯ' ಅಂತ ನಮ್ಮ ಮನೆಯವರ ಹೆಸರು. ಓಟಿಪಿ ಕೊಟ್ಟಿದ್ದರೆ ಅದೇ ಸಹಿ.

ಬೆಳಿಗ್ಗೆ ಫೋನ್ ಮಾಡಿ ಕೇಳಿದೆ. "ಹಾಗೆ ಹಾಕಿದ್ರೆ ಬೇಗ ಪಾಸ್ ಆಗುತ್ತೆ ಮೇಡಂ. ಇಲ್ಲಾಂದ್ರೆ ಟೆಸ್ಟು, ಲೋಡಿಂಗು ಅಂತ ಎಳೀತಾರೆ" ಅಂದರು. ಲೋಡಿಂಗ್ ಅಂದರೆ ಕಾಯಿಲೆ ಇದ್ದವರಿಗೆ ಹಾಕುವ ಹೆಚ್ಚಿನ ಪ್ರೀಮಿಯಂ. ನನಗೆ ಕೈ ನಡುಗಿತು. ಕ್ಲೇಮ್ ದಿನ ಹಳೆಯ ಚೀಟಿ ತೆಗೆದು ಸುಳ್ಳು ಹೇಳಿದ್ದೀರಿ ಅಂತ ತಿರಸ್ಕರಿಸಿದರೆ ಆಸ್ಪತ್ರೆಯಲ್ಲಿ ನಿಲ್ಲುವವರು ನಾವು, ಅವರಲ್ಲ. ಐದು ವರ್ಷ ಬಿಡದೆ ಪಾಲಿಸಿ ನಡೆಸಿದ ಮೇಲೆ ಮುಚ್ಚಿಟ್ಟಿರಿ ಅಂತ ಹೇಳಿ ಕ್ಲೇಮ್ ತಳ್ಳುವ ಹಾಗಿಲ್ಲ, ವಂಚನೆ ಸಾಬೀತಾದರೆ ಮಾತ್ರ ಅನ್ನುವ ನಿಯಮ ಇದೆ. ಆದರೆ ಸಕ್ಕರೆ ಇದೆ ಅಂತ ಗೊತ್ತಿದ್ದೂ ಇಲ್ಲ ಅಂತ ಬರೆಯುವುದು ವಂಚನೆಯಲ್ಲದೆ ಏನು? ಲಿಂಕ್ ರದ್ದು ಮಾಡಿಸಿ ಎಲ್ಲ ಮತ್ತೆ ತುಂಬಿಸಿದೆ. ಈ ಸಲ ಏಜೆಂಟರ ಪಕ್ಕದಲ್ಲೇ ಕೂತು, ಒಂದೊಂದು ಪ್ರಶ್ನೆಯನ್ನೂ ಅತ್ತೆಗೆ ಓದಿ ಹೇಳಿ, ಅವರ ಉತ್ತರವನ್ನೇ ಹಾಕಿಸಿದೆ. 24ಕ್ಕೆ ಅರ್ಜಿ ನಂಬರ್ ಬಂತು.

ನವೆಂಬರ್ 28 ಕಳೆಯಿತು. ಕೊನೆಯ ದಿನ ಎಲ್ಲರೂ ಕೈಕುಲುಕಿ ಅತ್ತುಕೊಂಡೇ ಬಂದೆವು. ಅವತ್ತಿನಿಂದ ನಮ್ಮ ಮನೆಗೆ ಯಾವ ವಿಮೆಯೂ ಇಲ್ಲ.

ನಿಜ ಹೇಳಿದ್ದಕ್ಕೆ ಟೆಸ್ಟ್ ಬಂತು. ಡಿಸೆಂಬರ್ 4ರ ಬೆಳಿಗ್ಗೆ ಬಿ.ಎಚ್. ರಸ್ತೆಯ ಲ್ಯಾಬಿಗೆ ಅತ್ತೆಯನ್ನು ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದೆ. ರಕ್ತ, ಮೂತ್ರ, ಇಸಿಜಿ, ಮೂರು ತಿಂಗಳ ಸರಾಸರಿ ಸಕ್ಕರೆ. ಖರ್ಚು ವಿಮಾ ಕಂಪನಿಯದೇ, ಆಟೋ ಮಾತ್ರ ನಮ್ಮದು. ಒಂದು ಮಾತು: ಟೆಸ್ಟ್ ಇದೆ ಅಂತ ನಾಲ್ಕು ದಿನ ಅನ್ನ ಬಿಟ್ಟು ಸಕ್ಕರೆ ಇಳಿಸುತ್ತೇವೆ ಅನ್ನಬೇಡಿ. ಮೂರು ತಿಂಗಳ ಲೆಕ್ಕ ಅದರಲ್ಲಿ ಬದಲಾಗುವುದಿಲ್ಲ, ಸುಮ್ನೆ ತಲೆಸುತ್ತಿ ಬೀಳುತ್ತಾರೆ.

ಡಿಸೆಂಬರ್ 8ಕ್ಕೆ ಮಗಳಿಗೆ ಜ್ವರ. 102 ಡಿಗ್ರಿ. ಬೇರೆ ದಿನವಾಗಿದ್ದರೆ ಪ್ಯಾರಾಸಿಟಮಾಲ್ ಕೊಟ್ಟು ಎರಡು ದಿನ ನೋಡುತ್ತಿದ್ದೆ. ಅವತ್ತು ಆಗಲಿಲ್ಲ. ಬೀದಿಯಲ್ಲಿ ಇಬ್ಬರಿಗೆ ಡೆಂಗಿ ಆಗಿತ್ತು. ಅಡ್ಮಿಟ್ ಅಂದರೆ ಏನು ಮಾಡುವುದು? ರಾತ್ರಿಯೆಲ್ಲ ಅವಳ ಹಣೆ ಮುಟ್ಟಿ ನೋಡುತ್ತಾ, ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಮನಸ್ಸಿನಲ್ಲೇ ಕೂಡಿಸಿ ಕಳೆಯುತ್ತಾ ಕೂತಿದ್ದೆ. ಬೆಳಿಗ್ಗೆ ಟೆಸ್ಟಿಗೆ 1,850 ಕೊಟ್ಟೆವು. ಡೆಂಗಿ ಅಲ್ಲ. ಪ್ಲೇಟ್‌ಲೆಟ್ ಸರಿಯಿದೆ ಅಂತ ಚೀಟಿ ನೋಡಿದಾಗ ಲ್ಯಾಬಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ.

12ಕ್ಕೆ ಪತ್ರ ಬಂತು. ಅತ್ತೆಯ ಸಕ್ಕರೆಗಾಗಿ 4,455 ರೂಪಾಯಿ ಹೆಚ್ಚು, ಒಪ್ಪಿಗೆಯೇ ಅಂತ. ಒಪ್ಪಿದೆವು. 15ಕ್ಕೆ ಕಟ್ಟಿದೆವು. ಎರಡೂ ಸೇರಿ 52,555. ನಗದು ಕೊಡಬೇಡಿ, ಬ್ಯಾಂಕ್ ಮೂಲಕವೇ ಕಟ್ಟಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆರೋಗ್ಯ ವಿಮೆಯ ಆದಾಯ ತೆರಿಗೆ ವಿನಾಯಿತಿ ನಗದಿಗೆ ಸಿಗುವುದಿಲ್ಲ. ಪಾಲಿಸಿ ಶುರುವಾದದ್ದು ಡಿಸೆಂಬರ್ 16. ನಡುವಿನ 17 ದಿನ ಯಾವ ರಕ್ಷಣೆಯೂ ಇಲ್ಲದೆ ಕಳೆದೆವು.

ಮುಗಿಯಿತು ಅಂದುಕೊಂಡೆ. 17ರ ಬೆಳಿಗ್ಗೆ ಪಾಲಿಸಿ ಮೇಲ್‌ನಲ್ಲಿ ಬಂತು. ಎಲ್ಲರ ಹೆಸರು, ಹುಟ್ಟಿದ ದಿನ ಸರಿಯಿತ್ತು. ಅತ್ತೆಯ ಹೆಸರಿನ ಮುಂದೆ ಒಂದು ಸಣ್ಣ ಅಂಕಣ, 'ಮೊದಲ ಪಾಲಿಸಿ ದಿನಾಂಕ'. ಅಲ್ಲಿ ಬರೆದಿದ್ದದ್ದು 16-12-2025.

ಎರಡು ವರ್ಷ ಎಂಟು ತಿಂಗಳು ಮಾಯ. ಮಾಡಿದ್ದೆಲ್ಲ ಈ ಒಂದು ದಿನಾಂಕಕ್ಕಾಗಿಯೇ. ಆಮೇಲೆ ತಿಳಿದ ಕಾರಣ ಇದು: ಗ್ರೂಪ್ ಪಾಲಿಸಿ ನನ್ನ ನೌಕರಿ ನಂಬರಿನ ಮೇಲಿತ್ತು, ಹೊಸದರಲ್ಲಿ ಪ್ರಪೋಸರ್ ನಮ್ಮ ಮನೆಯವರು. ಕಂಪ್ಯೂಟರಿಗೆ ಎರಡೂ ಒಂದೇ ಕುಟುಂಬ ಅಂತ ಗೊತ್ತಾಗದೆ ಹೊಸಬರು ಅಂತ ಹಾಕಿತ್ತು. ನಿಮ್ಮಲ್ಲೂ ಪ್ರಪೋಸರ್ ಬದಲಾಗುವುದಾದರೆ ಹಳೆಯ ಇ-ಕಾರ್ಡ್ ನಂಬರುಗಳನ್ನು ಫಾರಂನಲ್ಲೇ ಬರೆಸಿ.

ಏಜೆಂಟ್ "ಕ್ಲೇಮ್ ಟೈಮಲ್ಲಿ ಸರಿ ಮಾಡಿಸೋಣ" ಅಂದರು. ಕ್ಲೇಮ್ ಹೊತ್ತಿಗೆ ಯಾರು ಎಲ್ಲಿರುತ್ತಾರೋ. ಪಾಲಿಸಿ ಕೈಸೇರಿದ ದಿನದಿಂದ 30 ದಿನ ಫ್ರೀ ಲುಕ್ ಅವಧಿ ಇರುತ್ತದೆ, ಬೇಡ ಅಂದರೆ ವಾಪಸ್ ಮಾಡಬಹುದು. ಅವತ್ತೇ ವಿಮಾ ಕಂಪನಿಗೆ ಬರೆದು ಮೇಲ್ ಮಾಡಿದೆ. ಎಚ್‌ಆರ್ ಕೊಟ್ಟ ಸೀಲಿನ ಪತ್ರ, ಹಳೆಯ ಇ-ಕಾರ್ಡ್, ನಮ್ಮ ಮದುವೆ ಪ್ರಮಾಣಪತ್ರ, ನವೆಂಬರ್ 24ರ ಅರ್ಜಿ ನಂಬರ್ ಲಗತ್ತಿಸಿದೆ. ದಿನಾಂಕ ತಿದ್ದಿ ಕೊಡಿ, ಇಲ್ಲವಾದರೆ ಫ್ರೀ ಲುಕ್ ಮುಗಿಯುವ ಮೊದಲೇ ಲಿಖಿತ ಕಾರಣ ಕೊಡಿ ಅಂತ ಕೇಳಿದೆ. ಪಾಲಿಸಿಯ ಮುಖ್ಯ ಅಂಶಗಳ ಕಸ್ಟಮರ್ ಇನ್ಫರ್ಮೇಶನ್ ಶೀಟ್ ಅನ್ನು ಕನ್ನಡದಲ್ಲಿ ಕೊಡಿ ಅಂತಲೂ ಬರೆದೆ. ಕೇಳಿದರೆ ನಮ್ಮ ಭಾಷೆಯಲ್ಲಿ ಕೊಡಬೇಕು, ನಿಯಮ ಇದೆ.

ಮೊದಲ ಉತ್ತರ: ಪರಿಶೀಲಿಸುತ್ತಿದ್ದೇವೆ. ಎರಡನೆಯದೂ ಅದೇ. ಡಿಸೆಂಬರ್ 26ಕ್ಕೆ ಅವರ ಕುಂದುಕೊರತೆ ಅಧಿಕಾರಿಗೆ ಬರೆದೆ. ಅಲ್ಲಿ ಆಗದಿದ್ದರೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್, ಅದೂ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ತೀರ್ಮಾನಿಸುವವರು), ಅಲ್ಲಿ ದೂರಿಗೆ ಶುಲ್ಕ ಇಲ್ಲ ಅಂತ ಪಕ್ಕದ ಮನೆಯವರು ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಕನ್ನಡದ ಶೀಟ್ ಮೊದಲು ಬಂತು. ಪ್ರಿಂಟ್ ತೆಗೆಸಿ ತಂದೆ. ಅತ್ತೆ ಕನ್ನಡಕ ಹಾಕಿಕೊಂಡು ಹಜಾರದ ಬೆಳಕಿಗೆ ಕೂತು, ಬೆರಳಿಟ್ಟುಕೊಂಡು ಓದಿದರು. 'ಕೀಲು ಬದಲಾವಣೆ: 24 ತಿಂಗಳು' ಅನ್ನುವಲ್ಲಿ ಬೆರಳು ನಿಂತಿತು. "ನಂದು ಇಪ್ಪತ್ನಾಲ್ಕು ಆಗೈತಲ್ಲವ್ವ?" ಅಂದರು. ಆಗಿದೆ ಅತ್ತೆ, ಅವರು ಬರೆದುಕೊಡಬೇಕು ಅಷ್ಟೆ ಅಂದೆ.

ಜನವರಿ 6, ಮಂಗಳವಾರ ಮಧ್ಯಾಹ್ನ ತಿದ್ದುಪಡಿ ಪತ್ರ ಬಂತು. ಅದಕ್ಕೆ ಎಂಡಾರ್ಸ್‌ಮೆಂಟ್ ಅನ್ನುತ್ತಾರೆ. ಮೊದಲ ಪಾಲಿಸಿ ದಿನಾಂಕ 01-04-2023. ಕೆಳಗೆ ಇನ್ನೊಂದು ಸಾಲು: ಈ ಲೆಕ್ಕ ಮೂರು ಲಕ್ಷಕ್ಕೆ ಮಾತ್ರ, ಹೊಸದಾಗಿ ಸೇರಿದ ಎರಡು ಲಕ್ಷಕ್ಕೆ ಕಾಯುವ ಅವಧಿ ಈಗಿನಿಂದ. ಹಳೆಯ ಮೊತ್ತದಷ್ಟಕ್ಕೇ ಜಮಾ ಸಿಗುವುದು, ಇದು ಎಲ್ಲ ಕಡೆಯೂ ಹಾಗೆಯೇ. ಸಕ್ಕರೆಗೆ ಸಂಬಂಧಿಸಿದ ಚಿಕಿತ್ಸೆಗೆ ಇನ್ನೂ ಕೆಲವು ತಿಂಗಳು ಬಾಕಿ. ಮೊಣಕಾಲಿಗೆ ಏನೂ ಬಾಕಿ ಇಲ್ಲ.

ನನಗೆ ಹಿರೇಹಳ್ಳಿಯಲ್ಲಿ ಕೆಲಸ ಸಿಕ್ಕಿದೆ, ಫೆಬ್ರವರಿ 2ಕ್ಕೆ ಸೇರಬೇಕು. ಅಲ್ಲೂ ಗ್ರೂಪ್ ಪಾಲಿಸಿ ಇದೆ, ಆದರೆ ಅತ್ತೆ ಮಾವಂದಿರನ್ನು ಸೇರಿಸುವ ಹಾಗಿಲ್ಲ. ಇದ್ದರೂ ನಮ್ಮದನ್ನು ನಿಲ್ಲಿಸುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಪಾಲಿಸಿ, ತಿದ್ದುಪಡಿ ಪತ್ರ, ಕನ್ನಡದ ಶೀಟ್ ಮೂರನ್ನೂ ಒಂದು ಫೈಲಿಗೆ ಹಾಕಿ ಅತ್ತೆ ಬೀರುವಿನಲ್ಲಿ ತಮ್ಮ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದಾರೆ. ಬರುವ ಬುಧವಾರ ಮೊಣಕಾಲಿನ ಡಾಕ್ಟರಿಗೆ ತೋರಿಸಲು ಟೋಕನ್ ತಗೊಂಡಿದ್ದೇವೆ.